ಇವತ್ತು ಯಾವ ಅಂಗಿ ಹಾಕಲಿ?

ಬಟ್ಟೆಯ ವಿಷಯದಲ್ಲಿ ನನಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಮೊದಲು ಹೀಗಿರಲಿಲ್ಲ. ಅಹಮದಾಬಾದಿಗೆ ಬಂದು ಗಣಿತದ ಮೇಷ್ಟ್ರಾಗಿ ಇಪ್ಪತ್ತಾರು ವರ್ಷವಾಯಿತು. ಅಷ್ಟೂ ವರ್ಷ ನನ್ನ ಅಂಗಿಯ ಬಗ್ಗೆ ಯಾರೂ ಒಂದು ಮಾತು ಆಡಿದವರಲ್ಲ. ಯಾಕೆಂದರೆ ಅದನ್ನು ಆರಿಸುತ್ತಿದ್ದವನು ನಾನಲ್ಲ.

ಅದು ಜುಲೈ ತಿಂಗಳ ಒಂದು ಮಂಗಳವಾರ. ಬೆಳಗ್ಗೆ ಆರು ಗಂಟೆಗೆ ಸ್ನಾನ ಮುಗಿಸಿ ಬಂದಾಗ ಎಂದಿನಂತೆ ಮಂಚದ ಮೇಲೆ ಬಟ್ಟೆ ಇತ್ತು. ಬೂದು ಪ್ಯಾಂಟು, ಅದರ ಮೇಲೆ ಮಡಿಸಿದ ತಿಳಿಹಳದಿ ಅಂಗಿ, ಅದರ ಮೇಲೆ ಕರವಸ್ತ್ರ.

"ಇವತ್ತು ಹಳದಿ ಬೇಡ. ಎಂಟನೇ ಕ್ಲಾಸಿಗೆ ಟೆಸ್ಟ್ ಇದೆ" ಎಂದೆ.

ನನ್ನ ಹೆಂಡತಿ ಕುಂದಾಪುರದ ಕಡೆಯವಳು. ಅಡುಗೆಮನೆಯಿಂದಲೇ ಉತ್ತರ ಬಂತು. "ಅದಕ್ಕೇ ಹಳದಿ ಇಟ್ಟದ್ದು ಮಾರಾಯ್ರೆ. ಮೊದಲೇ ನಿಮ್ಮ ಮುಖ, ಅದರ ಮೇಲೆ ಟೆಸ್ಟು. ಪಾಪದ ಮಕ್ಕಳು ಎಂತ ಮಾಡಿದ್ದಾರೆ ನಿಮಗೆ?"

ಅವಳದು ಸರಳ ಲೆಕ್ಕ. ನನಗೆ ದಣಿವಾದ ದಿನ ನೀಲಿ. ಮನಸ್ಸು ಕುಗ್ಗಿದ ದಿನ ಹಳದಿ. ಸಿಟ್ಟಿನಲ್ಲಿ ಎದ್ದ ದಿನ, ಒಗೆದು ಒಗೆದು ಮೆತ್ತಗಾದ ಹಳೆಯ ಹತ್ತಿಯ ಅಂಗಿ. ಮೆತ್ತಗಿನ ಬಟ್ಟೆ ತೊಟ್ಟವನಿಗೆ ಜೋರಾಗಿ ಬೈಯಲು ಆಗುವುದಿಲ್ಲವಂತೆ. ಪ್ರಿನ್ಸಿಪಾಲರ ಜೊತೆ ಮೀಟಿಂಗ್ ಇದ್ದರೆ ಚೌಕಳಿ. "ಗೆರೆ ನೋಡ್ತಾ ಕೂತ್ಕೊಳ್ಳಿ, ಬಾಯಿ ತೆರೆಯಬೇಡಿ" ಎಂದು ಅದರ ಅರ್ಥ. ನನಗೆ ದಣಿವೋ ಸಿಟ್ಟೋ ಎಂದು ಅವಳು ಹೇಗೆ ಕಂಡುಹಿಡಿಯುತ್ತಿದ್ದಳು ಎಂದು ನಾನು ಕೇಳಲೇ ಇಲ್ಲ. ಕೇಳಲು ಸಮಯವಿದೆ ಎಂದುಕೊಂಡಿದ್ದೆ.

ಮಧ್ಯಾಹ್ನ ಹನ್ನೆರಡೂ ನಲವತ್ತಕ್ಕೆ ಪಕ್ಕದ ಮನೆಯವರು ಶಾಲೆಗೆ ಫೋನ್ ಮಾಡಿದರು. ನಾನು ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೃದಯ, ಎಂದರು ವೈದ್ಯರು.

ಹದಿನೈದು ದಿನಗಳ ನಂತರ ಶಾಲೆಗೆ ಹೊರಡಬೇಕೆಂದು ಸ್ನಾನ ಮಾಡಿ ಬಂದೆ. ಮಂಚದ ಮೇಲೆ ಏನೂ ಇರಲಿಲ್ಲ. ಕಪಾಟು ತೆರೆದೆ. ಇಪ್ಪತ್ತೆರಡು ಅಂಗಿಗಳಿದ್ದವು. ಯಾವುದು ಯಾವ ದಿನಕ್ಕೆ ಎಂದು ಯಾವುದರ ಮೇಲೂ ಬರೆದಿರಲಿಲ್ಲ. ತಪ್ಪಾಗುವುದು ಬೇಡವೆಂದು ಬಿಳಿ ಅಂಗಿ ತೆಗೆದುಕೊಂಡೆ. ಮರುದಿನವೂ ಅದೇ ಕಾರಣಕ್ಕೆ ಬಿಳಿ. ನನ್ನಲ್ಲಿ ಬಿಳಿ ಅಂಗಿ ನಾಲ್ಕಿದ್ದವು. ಅವೇ ಸುತ್ತು ಹೊಡೆಯತೊಡಗಿದವು.

ಆಗಸ್ಟ್ ಮೊದಲ ವಾರ ಪ್ರಿನ್ಸಿಪಾಲರು ಕರೆಸಿದರು. ಗುಜರಾತಿ ಹೆಂಗಸು, ನನಗಿಂತ ಎರಡು ವರ್ಷ ದೊಡ್ಡವರು. ಮೇಜಿನ ಮೇಲೆ ಒಂದು ಪತ್ರ ಇತ್ತು. ಎಂಟನೇ 'ಬಿ' ಕ್ಲಾಸಿನ ಹುಡುಗಿಯೊಬ್ಬಳ ತಂದೆ ಬರೆದದ್ದು. "ಗಣಿತದ ಸರ್ ಒಳಗೆ ಬಂದರೆ ಕ್ಲಾಸಿನಲ್ಲಿ ಫ್ಯಾನಿನ ಸದ್ದು ಮಾತ್ರ ಕೇಳುತ್ತದಂತೆ. ಮಕ್ಕಳು ನಗುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ. ಅವರ ದುಃಖ ನನಗೆ ಅರ್ಥವಾಗುತ್ತದೆ. ಆದರೆ ನನ್ನ ಮಗಳಿಗೆ ಭಯವಾಗುತ್ತಿದೆ."

ಓದಿದೆ. ಬರೆದದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ನನ್ನ ಜೇಬಿನಲ್ಲಿ ಮೂರು ದಿನದಿಂದ ಇದ್ದ ರಾಜೀನಾಮೆಯನ್ನು ತೆಗೆದು ಮೇಜಿನ ಮೇಲಿಟ್ಟೆ.

ಅವರು ಅದನ್ನು ತೆರೆಯದೆ ಡ್ರಾಯರಿಗೆ ಹಾಕಿದರು. "ಎರಡನೇ ಟರ್ಮಿನ ಟೈಮ್‌ಟೇಬಲ್ ಬರೆಯುವ ದಿನ ನಾನೇ ನಿಮ್ಮ ಹತ್ತಿರ ಬಂದು ಕೇಳುತ್ತೇನೆ. ಇರುತ್ತೀರೋ ಹೋಗುತ್ತೀರೋ, ಆಗ ಒಂದೇ ಮಾತಿನಲ್ಲಿ ಹೇಳಿ. ಅಲ್ಲಿಯವರೆಗೆ ಒಂದು ಉಪಕಾರ ಮಾಡಿ ಮಾಸ್ತರ್. ಈ ಬಿಳಿ ಬಟ್ಟೆ ಬಿಡಿ."

ಈ ಕೆಳಗಿನವು ಆ ದಿನಕ್ಕೂ ಆ ಟೈಮ್‌ಟೇಬಲಿಗೂ ನಡುವೆ ನಡೆದವು.

ಬಿಳಿ

ಬಿಳಿ ಬಿಡಿ ಎಂದು ಅವರು ಹೇಳಿದ್ದಕ್ಕೆ ಕಾರಣವಿತ್ತು. ಇಲ್ಲಿ ಯಾರಾದರೂ ತೀರಿಕೊಂಡರೆ ಎರಡು ಮೂರು ದಿನ ಬಿಟ್ಟು ಬೇಸಣು ಇಡುತ್ತಾರೆ. ಒಂದು ಹಾಲ್, ಅದರಲ್ಲಿ ಹಾರ ಹಾಕಿದ ಫೋಟೋ. ಬಿಳಿ ಬಟ್ಟೆ ತೊಟ್ಟು ಬಂದವರು ಹೂವು ಹಾಕಿ, ಸ್ವಲ್ಪ ಹೊತ್ತು ಸುಮ್ಮನೆ ಕೂತು, ಮನೆಯವರಿಗೆ ಕೈಮುಗಿದು ಎದ್ದುಹೋಗುತ್ತಾರೆ. ನನ್ನ ಹೆಂಡತಿಗೂ ಅಕ್ಕಪಕ್ಕದವರೇ ಸೇರಿ ಬೇಸಣು ಮಾಡಿದ್ದರು. ಅವತ್ತು ನಾನು ಬಂದವರಿಗೆ ಕುರ್ಚಿ ಸಾಲುತ್ತವೆಯೇ ಎಂದು ನೋಡುವುದರಲ್ಲೇ ಹೊತ್ತು ಕಳೆದೆ.

ಅವರು ಹೇಳಿದ ಮೇಲೂ ಬೇರೆ ಬಣ್ಣಕ್ಕೆ ಧೈರ್ಯ ಬರದೆ ದಿನಾ ಬಿಳಿ ತೊಟ್ಟೇ ಹೊರಡುತ್ತಿದ್ದ ನನ್ನನ್ನು ನಮ್ಮ ಸೊಸೈಟಿಯ ವಾಚ್‌ಮನ್ ಗೇಟಿನಲ್ಲಿ ನಿಲ್ಲಿಸಿ ಮೆಲ್ಲಗೆ ಕೇಳುತ್ತಿದ್ದ: "ಸಾಹೇಬ್, ಇವತ್ತು ಯಾರು?"

"ಯಾರೂ ಇಲ್ಲ."

"ಒಳ್ಳೇದಾಯಿತು" ಎನ್ನುತ್ತಿದ್ದ. ಮರುದಿನ ಮತ್ತೆ, "ಸಾಹೇಬ್, ಇವತ್ತು?"

ಒಂದು ಸಂಜೆ ವಸ್ತ್ರಾಪುರ ಕೆರೆಯ ಹತ್ತಿರದ ಒಂದು ಹಾಲ್‌ನ ಮುಂದೆ ರಿಕ್ಷಾಕ್ಕಾಗಿ ನಿಂತಿದ್ದೆ. ಬಿಳಿ ಕುರ್ತಾದ ಯುವಕನೊಬ್ಬ ಒಳಗಿನಿಂದ ಬಂದು ಎರಡೂ ಕೈಯಿಂದ ನನ್ನ ಕೈ ಹಿಡಿದ. "ಬನ್ನಿ ಕಾಕಾ, ಬನ್ನಿ. ಚಪ್ಪಲಿ ಇಲ್ಲೇ ಬಿಡಿ."

ಅವನ ಕಣ್ಣು ಕೆಂಪಾಗಿದ್ದವು. ತಂದೆಯನ್ನು ಕಳೆದುಕೊಂಡವನಿಗೆ 'ನಾನು ರಿಕ್ಷಾಕ್ಕೆ ನಿಂತಿದ್ದೇನೆ' ಎಂದು ಹೇಳುವುದು ಹೇಗೆ? ಚಪ್ಪಲಿ ಬಿಟ್ಟೆ.

ಫೋಟೋದಲ್ಲಿ ಎಂಬತ್ತರ ಆಸುಪಾಸಿನ ಒಬ್ಬ ಮುದುಕರು ಬಾಯ್ತುಂಬ ನಗುತ್ತಿದ್ದರು. ಹೂವು ಹಾಕಿ ಕೂತೆ. ಪಕ್ಕದಲ್ಲಿದ್ದ ಹಿರಿಯರು ಬಾಗಿ ಕೇಳಿದರು. "ಎಷ್ಟು ವರ್ಷದ ಪರಿಚಯ?"

ನಾನು ಸುಳ್ಳು ಹೇಳುವವನಲ್ಲ. "ಪರಿಚಯವೇ ಇರಲಿಲ್ಲ" ಎಂದೆ.

ಅವರು ನಿಟ್ಟುಸಿರು ಬಿಟ್ಟರು. "ನಿಜ. ಅರವತ್ತು ವರ್ಷ ಜೊತೆಗಿದ್ದೂ ನನಗೂ ಅವನ ಪರಿಚಯ ಆಗಲಿಲ್ಲ."

ಐದು ನಿಮಿಷ ಕೂತು ಏಳಬೇಕು ಎಂದುಕೊಂಡಿದ್ದೆ. ಆದರೆ ಅಲ್ಲಿ ನಾನು ಎಣಿಸಬೇಕಾದ ಕುರ್ಚಿಗಳಿರಲಿಲ್ಲ, ಎದುರುಗೊಳ್ಳಬೇಕಾದವರಿರಲಿಲ್ಲ. ಸುಮ್ಮನೆ ಕೂತೆ. ಸ್ವಲ್ಪ ಹೊತ್ತಿಗೆ ಅಳು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಯಾರೋ ನೀರು ತಂದರು. ನನ್ನನ್ನು ಎಬ್ಬಿಸಿ ಮೊದಲ ಸಾಲಿನಲ್ಲಿ, ಮನೆಯವರ ಪಕ್ಕದಲ್ಲಿ ಕೂರಿಸಿದರು. ಯುವಕ ತನ್ನ ತಮ್ಮನ ಕಡೆ ತಿರುಗಿ ಪಿಸುಗುಟ್ಟಿದ್ದು ನನಗೆ ಕೇಳಿಸಿತು. "ನೋಡು. ಹೊರಗಿನವರು ಹೀಗೆ ಅಳುತ್ತಿದ್ದಾರೆ, ನೀನು ಮೊಬೈಲ್ ನೋಡುತ್ತಿದ್ದೀಯ." ಆ ತಮ್ಮ ಕೊನೆಯವರೆಗೂ ನನ್ನನ್ನು ದುರುಗುಟ್ಟಿ ನೋಡುತ್ತಲೇ ಇದ್ದ.

ಹೊರಡುವಾಗ ನಂಬರ್ ಕೇಳಿದರು, ಕೊಟ್ಟೆ. ಹನ್ನೆರಡನೆಯ ದಿನದ ಊಟಕ್ಕೆ ಕರೆ ಬಂತು, ಹೋಗಲಿಲ್ಲ. ಮರುದಿನ ಕಾಕಾನ ಆರೋಗ್ಯ ಹೇಗಿದೆ ಎಂದು ಇನ್ನೊಂದು ಕರೆ ಬಂತು. ಇನ್ನು ಮುಚ್ಚಿಡಬಾರದೆಂದು ನಿಜ ಹೇಳಿಬಿಟ್ಟೆ. "ತಮ್ಮಾ, ನಿಮ್ಮ ತಂದೆಯನ್ನು ನಾನು ಒಂದು ಸಲವೂ ನೋಡಿದವನಲ್ಲ."

ಅವನು ಇನ್ನಷ್ಟು ಭಾವುಕನಾದ. "ಹಾಗಾದರೆ ಅದು ಇನ್ನೂ ದೊಡ್ಡ ಮಾತು, ಕಾಕಾ."

ಒಂದು ಸೆಟ್

ಈ ಕಥೆಯನ್ನು ಫೋನಿನಲ್ಲಿ ಮಗಳಿಗೆ ಹೇಳಿದೆ. ಅವಳು ಸೂರತ್‌ನಲ್ಲಿ ಬಟ್ಟೆಗೆ ಡಿಸೈನ್ ಬಿಡಿಸುವ ಕೆಲಸದಲ್ಲಿದ್ದಾಳೆ. ವಾರದಲ್ಲಿ ಎರಡು ದಿನ ಊರಾಚೆ ಸಚಿನ್ ಎಂಬಲ್ಲಿರುವ ಕಾರ್ಖಾನೆಗೆ ಹೋಗಿ ತಾನು ಬಿಡಿಸಿದ ಹೂವು ಸರಿಯಾದ ಬಣ್ಣದಲ್ಲಿ ಅಚ್ಚಾಗುತ್ತಿದೆಯೇ ಎಂದು ನೋಡುತ್ತಾಳೆ. ಗುಜರಾತಿನಲ್ಲೇ ಬೆಳೆದವಳು, ನನ್ನ ಜೊತೆ ಹಿಂದಿಯೇ ಹೆಚ್ಚು. ಕನ್ನಡ ಬರುವುದು ಆಜ್ಞೆ ಮಾಡುವಾಗ ಮಾತ್ರ.

"ಪಪ್ಪಾ, ಬಸ್, ಬಿಳಿ ಸಾಕು. ಶನಿವಾರ ನೀನು ಸೂರತ್ ಬಾ. ನಾನು ಅಂಗಿ ಕೊಡಿಸ್ತೀನಿ. ನೋ ಆರ್ಗ್ಯುಮೆಂಟ್."

ಸೂರತ್‌ನ ಬಟ್ಟೆ ಮಾರುಕಟ್ಟೆಯಲ್ಲಿ ಅವಳಿಗೆ ಪರಿಚಯದ ಒಂದು ಅಂಗಡಿ. ವ್ಯಾಪಾರಿ ಬಿಳಿ ಗಾದಿಯ ಮೇಲೆ ಕೂತಿದ್ದ. ಚಹಾ ತರಿಸಿದ. ಒಂದು ಅಂಗಿ ಬಿಚ್ಚಿ ತೋರಿಸಿದ. ಹಸಿರು ಬಣ್ಣ, ಮೈತುಂಬ ಹೆಬ್ಬೆರಳಿನ ಉಗುರಿನಷ್ಟು ಗಾಳಿಪಟಗಳು. ಕೈಗೆ ಮೆತ್ತಗಿತ್ತು.

"ಚೆನ್ನಾಗಿದೆ. ಇದೊಂದು ಕೊಡಿ."

ಅವನ ಮುಖ ಬಾಡಿತು. "ಒಂದಾ? ಸಾಹೇಬ್, ಇದು ಹೋಲ್‌ಸೇಲ್ ಅಂಗಡಿ. ಸೆಟ್ ತಗೊಳ್ಳಿ. ಡಿಸೈನ್ ಒಂದು, ಬಣ್ಣ ಎಂಟು."

"ನನಗಿರುವುದು ಒಂದೇ ಮೈ."

"ವಾರಕ್ಕೆ ದಿನ ಏಳಿವೆಯಲ್ಲ?"

"ಏಳು. ಎಂಟನೆಯದು ಯಾವುದಕ್ಕೆ?"

ವ್ಯಾಪಾರಿ ಕ್ಷಣ ಯೋಚಿಸಿದ. "ಬೆಳಗ್ಗೆ ಎದ್ದಾಗ ಯಾವ ವಾರ ಅಂತಲೇ ಗೊತ್ತಾಗುವುದಿಲ್ಲ ನೋಡಿ, ಅಂಥ ದಿನಕ್ಕೆ."

ನಾನು ಮಗಳ ಮುಖ ನೋಡಿದೆ. ಅವಳು ಹೇಳಿಕೊಟ್ಟಿರಬೇಕು ಎಂದು ಅನುಮಾನ. ಅವಳು ಚಹಾ ಕುಡಿಯುತ್ತಿದ್ದಳು.

"ನಾಲ್ಕು ಕೊಡಿ" ಎಂದೆ.

"ಸೆಟ್ ಒಡೆಯುವುದಿಲ್ಲ ಸಾಹೇಬ್. ನಾಲ್ಕು ನಿಮ್ಮ ಮನೆಗೆ ಬಂದರೆ ಉಳಿದ ನಾಲ್ಕು ಇಲ್ಲಿ ಅನಾಥ. ನಿಮ್ಮ ಮಗಳು ನನ್ನ ಮಗಳ ಹಾಗೆ. ಅವಳ ಎದುರು ಪಾಪದ ಕೆಲಸ ಮಾಡಿಸಬೇಡಿ."

ಹೀಗೆ ಹಳದಿ, ನೀಲಿ, ಹಸಿರು, ಗುಲಾಬಿ, ಕಿತ್ತಳೆ, ನೇರಳೆ, ಬೂದು, ಕೆಂಪು, ಎಂಟೂ ಗಾಳಿಪಟದ ಅಂಗಿಗಳು ನನ್ನ ಜೊತೆ ರೈಲಿನಲ್ಲಿ ಅಹಮದಾಬಾದಿಗೆ ಬಂದವು. ಸೋಮವಾರ ಬೆಳಗ್ಗೆ ಧೈರ್ಯ ಮಾಡಿ ಗುಲಾಬಿ ತೊಟ್ಟು ಗೇಟಿನ ಹತ್ತಿರ ಬಂದೆ. ವಾಚ್‌ಮನ್ ಎದ್ದು ನಿಂತು ಸಲಾಮು ಹೊಡೆದ. ಅವನ ಮುಖದಲ್ಲಿ ನಿಜವಾದ ಸಂತೋಷವಿತ್ತು.

"ಕೊನೆಗೂ ಮದುವೆಗಳು ಶುರುವಾದವಾ, ಸಾಹೇಬ್?"

ಚಾರ್ಟ್

ಅದೇ ವಾರ ಶಾಲೆಯಲ್ಲಿ ಶಿಕ್ಷಕರಿಗೆ ಕೌನ್ಸೆಲರ್ ಒಬ್ಬರು ಭಾಷಣ ಮಾಡಿದರು. ದಿನನಿತ್ಯದ ಬಟ್ಟೆಯನ್ನು ಯೋಚಿಸಿ ಆರಿಸಿದರೆ ಮನಸ್ಸಿಗೆ ಆಧಾರವಾಗುತ್ತದೆ, ಯಾವುದು ತೊಟ್ಟಾಗ ನಿಮಗೆ ಹೇಗನಿಸುತ್ತದೆ ಎಂದು ಗಮನಿಸಿ ಎಂದರು. ಉಳಿದವರು ಚಪ್ಪಾಳೆ ತಟ್ಟಿ ತಿಂಡಿಗೆ ಹೋದರು. ನಾನು ಮನೆಗೆ ಹೋಗಿ ಒಂದು ನೋಟ್‌ಬುಕ್‌ನಲ್ಲಿ ಗೆರೆ ಎಳೆದೆ. ತಾರೀಖು, ಅಂಗಿಯ ಬಣ್ಣ, ಬೆಳಗಿನ ಮನಸ್ಥಿತಿ ಹತ್ತಕ್ಕೆ ಎಷ್ಟು, ಸಂಜೆಯದು ಹತ್ತಕ್ಕೆ ಎಷ್ಟು. ನನ್ನ ಹೆಂಡತಿ ಕಣ್ಣಳತೆಯಲ್ಲಿ ಮಾಡುತ್ತಿದ್ದದ್ದನ್ನು ನಾನು ಸ್ಕೇಲು ಹಿಡಿದು ಮಾಡಲು ಹೊರಟಿದ್ದೆ.

ನಾಲ್ಕು ವಾರ ತಪ್ಪದೆ ಬರೆದೆ. ಕೊನೆಗೆ ಕೂಡಿಸಿ ಭಾಗಿಸಿ ನೋಡಿದರೆ ಬಣ್ಣಕ್ಕೂ ಅಂಕಕ್ಕೂ ಯಾವ ಸಂಬಂಧವೂ ಕಾಣಲಿಲ್ಲ. ಕಂಡ ಸಂಬಂಧ ಒಂದೇ. ಇಸ್ತ್ರಿ ಮಾಡಿದ ದಿನ ಮನಸ್ಸು ಇಸ್ತ್ರಿ ಮಾಡದ ದಿನಕ್ಕಿಂತ ಚೆನ್ನಾಗಿರುತ್ತಿತ್ತು. ಇಷ್ಟು ತಿಳಿಯಲು ಒಂದು ತಿಂಗಳು ಬೇಕಾಯಿತು.

ಆ ಸಮಯದಲ್ಲೇ ಎಂಟನೇ 'ಬಿ'ಯ ಹೋಮ್‌ವರ್ಕ್ ನೋಡುತ್ತಿದ್ದೆ. ಒಂದು ಪುಸ್ತಕದ ಕೊನೆಯ ಪುಟದಲ್ಲಿ ಇನ್ನೊಂದು ಚಾರ್ಟ್ ಇತ್ತು. ಪುಸ್ತಕ, ನನ್ನ ಬಗ್ಗೆ ಪತ್ರ ಬರೆದಿದ್ದ ತಂದೆಯ ಮಗಳದು. ಕ್ಲಾಸಿನಲ್ಲಿ ನಾನು ಅವಳ ದನಿ ಕೇಳಿದ್ದೇ ಕಡಿಮೆ. ಅಕ್ಷರ ಮಾತ್ರ ದುಂಡಗೆ, ಸ್ಪಷ್ಟವಾಗಿತ್ತು.

"ನೀಲಿ: ಟೆಸ್ಟ್ ಕೊಡಬಹುದು. ಓದಿಕೊಂಡಿರಿ.

ಹಸಿರು: ಹೋಮ್‌ವರ್ಕ್ ಮರೆತರೆ ಬೈಯುವುದಿಲ್ಲ.

ಕಿತ್ತಳೆ: ಪಾಠ ಬೇಗ ಬೇಗ ಹೋಗುತ್ತದೆ.

ಗುಲಾಬಿ: ಜೋಕ್ ಹೇಳಲು ಪ್ರಯತ್ನಿಸುತ್ತಾರೆ. ಎಲ್ಲರೂ ನಗಬೇಕು. ಹಿಂದಿನ ಬೆಂಚಿನವರೂ.

ಬೂದು: ಏನೂ ಕೇಳಬಾರದು. ಕಿಟಕಿಯ ಕಡೆ ನೋಡುತ್ತಾರೆ. ನೋಡಲಿ."

ಕೊನೆಯ ಸಾಲನ್ನು ನಾನು ಹಲವು ಸಲ ಓದಿದೆ.

ಆದರೂ ಮೇಷ್ಟ್ರು ಮೇಷ್ಟ್ರೇ. ತಪ್ಪು ಕಂಡಮೇಲೆ ಬಿಡಲಾಗುವುದಿಲ್ಲ. ಕೆಂಪು ಪೆನ್ನಿನಲ್ಲಿ ಕೆಳಗೆ ಬರೆದೆ: "ಅಂದವಾದ ಕೆಲಸ. ಆದರೆ ಕೇವಲ ನಾಲ್ಕು ವಾರಗಳ ಮಾಹಿತಿ. ಇಷ್ಟರಿಂದ ತೀರ್ಮಾನಕ್ಕೆ ಬರಬಾರದು."

ಮರುದಿನ ಪುಸ್ತಕ ವಾಪಸು ಬಂತು. ನನ್ನ ಕೆಂಪು ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಉತ್ತರವಿತ್ತು.

"ಹಾಗಾದರೆ ಸರ್, ಚಾರ್ಟ್ ಪೂರ್ತಿಯಾಗುವವರೆಗೆ ನೀವು ಹೋಗುವ ಹಾಗಿಲ್ಲ."

ನನ್ನ ರಾಜೀನಾಮೆಯ ವಿಷಯ ನನಗೂ ಪ್ರಿನ್ಸಿಪಾಲರಿಗೂ ಬಿಟ್ಟು ಮೂರನೆಯವರಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು. ಅದು ಎಂಟನೇ 'ಎ'ಗೂ ಗೊತ್ತಿತ್ತು.

ಮರೂನ್

ನನ್ನ ಹೆಂಡತಿಯ ತಂಗಿ ವಡೋದರಾದಲ್ಲಿರುತ್ತಾಳೆ. ಗಂಡ ಹೆಂಡತಿ ಸೇರಿ ಉಡುಪಿ ಹೋಟೆಲ್ ನಡೆಸುತ್ತಾರೆ. ಸೆಪ್ಟೆಂಬರಿನ ಒಂದು ಶನಿವಾರ ಹೋಗಿ ಉಳಿದುಕೊಂಡೆ. ಬ್ಯಾಗು ತೆರೆದು ನೋಡಿದವಳೇ ಹಣೆ ಚಚ್ಚಿಕೊಂಡಳು.

"ಎಂತ ಭಾವ ಇದು, ಎಲ್ಲದರಲ್ಲೂ ಗಾಳಿಪಟ? ಅಕ್ಕ ಇದ್ದಿದ್ದರೆ ನಿಮ್ಮನ್ನೇ ಹಾರಿಸ್ತಿದ್ದಳು."

ಭಾನುವಾರ ಬೆಳಗ್ಗೆ ಹೊಸದೊಂದು ಮರೂನ್ ಬಣ್ಣದ ಅರ್ಧ ತೋಳಿನ ಅಂಗಿ ಕೈಗಿಟ್ಟಳು. "ಇದನ್ನು ಹಾಕಿ. ಮುಖಕ್ಕೆ ಸ್ವಲ್ಪ ರಕ್ತ ಬಂದ ಹಾಗೆ ಕಾಣ್ತದೆ." ಹಾಕಿದೆ. ಒಳ್ಳೆಯ ಬಟ್ಟೆ. ತಿಂಡಿಗೆಂದು ಕೆಳಗೆ ಹೋಟೆಲಿಗೆ ಇಳಿದೆ. ಎಲ್ಲ ಟೇಬಲ್ಲೂ ತುಂಬಿದ್ದವು. ಎಲ್ಲಾದರೂ ಜಾಗ ಖಾಲಿಯಾಗಲಿ ಎಂದು ಗೋಡೆಯ ಪಕ್ಕ ನಿಂತೆ. ಜೇಬಿನಲ್ಲಿ ಎಂದಿನಂತೆ ಪೆನ್ನು ಇತ್ತು.

"ಭಾಯಿ, ಇಲ್ಲಿ ಬನ್ನಿ" ಎಂದು ಒಬ್ಬರು ಕರೆದರು. ಹೋದೆ. "ಎರಡು ಮೈಸೂರು ಮಸಾಲೆ, ಒಂದು ಚೀಸ್ ದೋಸೆ, ಒಂದು ಇಡ್ಲಿ. ಸಾಂಬಾರ್ ಸ್ವಲ್ಪ ಸಿಹಿ ಇರಲಿ."

ನಾನು ವೇಟರ್ ಅಲ್ಲ ಎನ್ನಬೇಕು. ಆದರೆ ಇಪ್ಪತ್ತಾರು ವರ್ಷದ ಅಭ್ಯಾಸ. ಯಾರಾದರೂ ಏನಾದರೂ ಹೇಳಿದರೆ ಮೊದಲು ಬರೆದುಕೊಳ್ಳುತ್ತೇನೆ. ಬರೆದುಕೊಂಡಮೇಲೆ ಅದನ್ನು ಅಡುಗೆಮನೆಗೆ ಮುಟ್ಟಿಸದೆ ಇರುವುದು ಸರಿಯಲ್ಲ. ಮುಟ್ಟಿಸಿದೆ. ಅಷ್ಟರಲ್ಲಿ ಪಕ್ಕದ ಟೇಬಲಿನವರು ಕರೆದರು. ಆಗ ಸುತ್ತ ನೋಡಿದೆ. ಹೋಟೆಲಿನ ನಾಲ್ಕೂ ವೇಟರುಗಳ ಅಂಗಿ ಮರೂನ್. ನಾದಿನಿ ಸಮವಸ್ತ್ರ ಹೊಲಿಸುವಾಗ ಉಳಿದ ಬಟ್ಟೆಯಲ್ಲಿ ನನಗೂ ಒಂದು ಹೊಲಿಸಿದ್ದಳು.

ಹತ್ತೂವರೆಗೆ ಅವಳು ಅಡುಗೆಮನೆಯಿಂದ ಹೊರಗೆ ಬಂದಳು. "ಅಯ್ಯೋ ದೇವರೇ! ಭಾವ, ನೀವು ಎಂತ ಮಾಡ್ತಿದ್ದೀರಿ?"

"ಏಳನೇ ಟೇಬಲಿಗೆ ಚಟ್ನಿ ಹೋಗಿಲ್ಲ."

"ತಿಂಡಿ ಆಯ್ತಾ ನಿಮ್ಮದು?"

ಆಗಿರಲಿಲ್ಲ. ಎರಡು ಗಂಟೆ ಹೇಗೆ ಹೋಯಿತೆಂದು ತಿಳಿದಿರಲಿಲ್ಲ. ಆ ಎರಡು ಗಂಟೆಯಲ್ಲಿ ನನಗೆ ಬೇರೆ ಯಾವ ಯೋಚನೆಯೂ ಬಂದಿರಲಿಲ್ಲ. ಅದನ್ನು ಅವಳಿಗೆ ಹೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯದಂತೆ ಒಳಗೆ ಹೋಗಿ, ಎರಡು ನೀರುದೋಸೆ ತಂದು ನನ್ನ ಮುಂದಿಟ್ಟಳು.

ಆಗ ಕೌಂಟರಿನಲ್ಲಿ ಒಬ್ಬ ಗಿರಾಕಿ ನನ್ನ ಷಡ್ಡಕನ ಹತ್ತಿರ ಮಾತಾಡುತ್ತಿದ್ದ. "ಶೆಟ್ರೇ, ಹೊಸ ವೇಟರ್ ಒಳ್ಳೆಯ ಮನುಷ್ಯ. ಒಂದು ಆರ್ಡರೂ ತಪ್ಪಲಿಲ್ಲ. ಆದರೆ ಅವನಿಗೆ ಸ್ವಲ್ಪ ಹೇಳಿ. ನನ್ನ ಮಗ ಇನ್ನೊಂದು ದೋಸೆ ಬೇಕು ಅಂದರೆ, ಮೊದಲು ಹದಿನೇಳರ ಮಗ್ಗಿ ಹೇಳು ಅಂದ."

ಗಂಟು

ಗುಜರಾತಿನಲ್ಲಿ ನವರಾತ್ರಿಗೆ ಗರ್ಬಾ ಇಲ್ಲದ ಶಾಲೆಯಿಲ್ಲ. ನಮ್ಮಲ್ಲಿ ಒಂದು ಬೆಳಗ್ಗೆ ಮಕ್ಕಳೂ ಶಿಕ್ಷಕರೂ ಅಂಗಳದಲ್ಲಿ ಸುತ್ತು ಹಾಕಿ ಕುಣಿಯುತ್ತಾರೆ. ಪ್ರತಿ ವರ್ಷ ನಾನು ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ನೀರಿನ ಬಾಟಲಿಗಳನ್ನು ಕಾಯುತ್ತಿದ್ದೆ.

ಈ ಸಲ ಎಂಟನೇ 'ಬಿ' ನನಗಾಗಿ ಒಂದು ಕೇಡಿಯು ಬಾಡಿಗೆಗೆ ತಂದಿತ್ತು. ಕೇಡಿಯು ಎಂದರೆ ಎದೆಯವರೆಗೆ ಅಂಗಿ, ಅಲ್ಲಿಂದ ಕೆಳಗೆ ಪುಟ್ಟ ಹುಡುಗಿಯ ಫ್ರಾಕು. ಗುಂಡಿಗಳಿಲ್ಲ, ಪಕ್ಕದಲ್ಲಿ ದಾರಗಳಿಂದ ಕಟ್ಟಿಕೊಳ್ಳಬೇಕು. ನನಗೆ ತಂದದ್ದು ಕಡುಕೆಂಪು. ಎದೆಯ ತುಂಬ ಕನ್ನಡಿ ಚೂರು, ಬೆನ್ನಿಗೊಂದು ನವಿಲು, ಎರಡೂ ತೋಳಿನ ಅಂಚಿಗೆ ಸಾಲಾಗಿ ಗೆಜ್ಜೆ.

"ಇದು ನನ್ನಿಂದ ಆಗುವುದಿಲ್ಲ" ಎಂದೆ.

ಚಾರ್ಟಿನ ಹುಡುಗಿ ಮುಂದೆ ಬಂದಳು. "ಸರ್, ನೀವೇ ಹೇಳಿದಿರಲ್ಲ, ಮಾಹಿತಿ ಸಾಲದು ಅಂತ."

ಮೂವತ್ತೆಂಟು ಮಕ್ಕಳು ನನ್ನನ್ನೇ ನೋಡುತ್ತಿದ್ದರು. ಸ್ಟಾಫ್ ರೂಮಿಗೆ ಹೋಗಿ ಹಾಕಿಕೊಂಡೆ.

ಇಲ್ಲಿ ಹುಟ್ಟಿ ಬೆಳೆದವರಾದರೆ ಆ ದಾರಗಳನ್ನು ಒಂದೇ ಎಳೆತಕ್ಕೆ ಬಿಚ್ಚುವಂತೆ ಸರಗುಣಿಕೆ ಹಾಕುತ್ತಾರೆ. ನನಗೆ ಅದು ತಿಳಿದಿರಲಿಲ್ಲ. ಕುಣಿಯುವಾಗ ಬಿಚ್ಚಿ ಮಾನ ಹೋಗಬಾರದೆಂದು ಆರೂ ಜೊತೆ ದಾರಗಳಿಗೆ ಒಂದರ ಮೇಲೊಂದು ಎರಡೆರಡು ಗಂಟು ಬಿಗಿದೆ. ಸರಿಯಾಗಿದೆಯೇ ಎಂದು ಒಂದೊಂದನ್ನೂ ಎಳೆದು ನೋಡಿದೆ.

ಗರ್ಬಾ ಕಷ್ಟವಲ್ಲ. ಎಣಿಕೆ ಗೊತ್ತಿದ್ದರೆ ಸಾಕು. ನಾನು ಗಟ್ಟಿಯಾಗಿ ಎಣಿಸಿಕೊಂಡೇ ಹೆಜ್ಜೆ ಹಾಕಿದೆ. ಹಿಂದಿನಿಂದ ಮಕ್ಕಳೂ ಎಣಿಸತೊಡಗಿದರು. ಮೂರನೇ ಸುತ್ತಿಗೆ ಹಾಡಿಗಿಂತ ನಮ್ಮ ಎಣಿಕೆಯೇ ಜೋರಾಗಿತ್ತು.

ಹನ್ನೊಂದೂವರೆಗೆ ಮುಗಿಯಿತು. ಹನ್ನೆರಡಕ್ಕೆ ಪೋಷಕರು ಬಂದು ಪರೀಕ್ಷೆಯ ಉತ್ತರಪತ್ರಿಕೆ ನೋಡುವ ಸಮಯ. ಸ್ಟಾಫ್ ರೂಮಿಗೆ ಬಂದು ಗಂಟಿಗೆ ಕೈ ಹಾಕಿದೆ. ಬೆವರಿಗೆ ದಾರ ನೆನೆದು ಗಂಟು ಕಡಲೆಕಾಳಿನಷ್ಟು ಗಟ್ಟಿಯಾಗಿತ್ತು. ಬಾಡಿಗೆಯದು, ಕತ್ತರಿಸುವಂತಿಲ್ಲ. ತಲೆಯ ಮೇಲಿಂದ ತೆಗೆಯಲು ಹೋದರೆ ಭುಜದಲ್ಲಿ ಸಿಕ್ಕಿಕೊಂಡಿತು. ಡ್ರಿಲ್ ಮಾಸ್ತರು ಸಹಾಯಕ್ಕೆ ಬಂದು ಒಂದು ದಾರವನ್ನು ಜೋರಾಗಿ ಎಳೆದು ಇನ್ನಷ್ಟು ಬಿಗಿ ಮಾಡಿ, "ಸಾರಿ" ಎಂದು ಹೊರಟುಹೋದರು.

ಅಷ್ಟರಲ್ಲಿ ಪ್ಯೂನ್ ಬಂದ. "ಸರ್, ನಿಮ್ಮ ಕ್ಲಾಸಿನಲ್ಲಿ ಒಬ್ಬರು ಬಂದು ಕೂತಿದ್ದಾರೆ."

ಕೂತಿದ್ದವರು ಪತ್ರ ಬರೆದ ತಂದೆ. ನಾನು ಅವರನ್ನು ನೋಡಿದ್ದು ಅದೇ ಮೊದಲು. ನರೋಡಾದಲ್ಲಿ ಅವರದೊಂದು ಚಿಕ್ಕ ಮೆಷಿನ್ ಶಾಪ್. ಕೆಲಸದಿಂದ ನೇರವಾಗಿ ಬಂದಿದ್ದರು. ಬೂದು ಅಂಗಿ, ಬೆರಳುಗಳ ಸಂದಿಯಲ್ಲಿ ಎಣ್ಣೆಯ ಕಪ್ಪು. ಬೆನ್ನು ನೇರ ಮಾಡಿ, ಹೇಳಬೇಕಾದದ್ದನ್ನು ಸಿದ್ಧ ಮಾಡಿಕೊಂಡವರಂತೆ ಕೂತಿದ್ದರು. ಬಾಗಿಲಲ್ಲಿ ನನ್ನನ್ನು ಕಂಡು ಎದ್ದು ನಿಂತರು. ಕೈಮುಗಿದರು. ಅವರ ಕಣ್ಣು ನನ್ನ ಎದೆಯ ಕನ್ನಡಿಗಳಿಗೆ, ಅಲ್ಲಿಂದ ತೋಳಿನ ಗೆಜ್ಜೆಗಳಿಗೆ ಇಳಿಯಿತು.

ವಿವರಿಸುತ್ತ ಕೂತರೆ ಅವರ ಸಮಯ ಹಾಳು ಎಂದು ನೇರವಾಗಿ ಉತ್ತರಪತ್ರಿಕೆ ತೆರೆದೆ. ಝಲ್ ಎಂದಿತು.

"ನಿಮ್ಮ ಮಗಳು ಬುದ್ಧಿವಂತೆ. ಮೂರನೆಯ ಲೆಕ್ಕದಲ್ಲಿ ಮಾತ್ರ ಛೇದ ಬಿಟ್ಟಿದ್ದಾಳೆ." ಬೆರಳಿಟ್ಟು ತೋರಿಸಿದೆ. ಝಲ್.

"ಹಾಂ" ಎಂದರು. ಕಿಟಕಿಯ ಬಿಸಿಲು ನನ್ನ ಎದೆಯ ಕನ್ನಡಿಗಳಿಗೆ ಬಿದ್ದು ಅವರ ಮುಖದ ತುಂಬ ಚುಕ್ಕೆಗಳಾಗಿದ್ದವು. ಅವರು ಕಣ್ಣು ಕಿರಿದು ಮಾಡಿ ಕುರ್ಚಿಯನ್ನು ಎಡಕ್ಕೆ ಸರಿಸಿದರು. ನಾನು ಐದನೆಯ ಲೆಕ್ಕ ತೋರಿಸಲು ಎಡಕ್ಕೆ ಬಾಗಿದೆ. ಚುಕ್ಕೆಗಳೂ ಬಂದವು.

"ಸರ್, ಆಗಸ್ಟಿನಲ್ಲಿ ನಾನೊಂದು ಪತ್ರ ಬರೆದಿದ್ದೆ."

"ಓದಿದ್ದೇನೆ."

"ನೀವು ತುಂಬಾ... ಗಂಭೀರವಾಗಿರುತ್ತೀರಿ ಅಂತ."

"ನೀವು ಬರೆದದ್ದು ಸರಿಯಾಗಿತ್ತು" ಎಂದು ಕೈ ಜೋಡಿಸಿದೆ. ಝಲ್ ಝಲ್ ಝಲ್.

ಅವರು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ಒರೆಸಿಕೊಳ್ಳುತ್ತಲೇ ಇದ್ದರು. ಭುಜ ಅಲುಗುತ್ತಿತ್ತು. ಅವರ ಮೂಗಿನ ತುದಿಯಲ್ಲಿ ಒಂದು ಬೆಳಕಿನ ಚುಕ್ಕೆ ಕುಣಿಯುತ್ತಿತ್ತು. ನಾನು ಆರನೆಯ ಲೆಕ್ಕದ ಕಡೆ ನೋಡಿದೆ. ಮತ್ತೆ ಚುಕ್ಕೆಯ ಕಡೆ ನೋಡಿದೆ. ಮೊದಲು ನಕ್ಕವನು ನಾನೇ. ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. ನಕ್ಕಷ್ಟೂ ಗೆಜ್ಜೆ, ಗೆಜ್ಜೆಯಾದಷ್ಟೂ ನಗು. ಅವರು ಮೇಜಿಗೆ ಹಣೆ ಇಟ್ಟು ನಕ್ಕರು. ಕಾರಿಡಾರಿನಲ್ಲಿ ಮಕ್ಕಳು ಕಿಟಕಿಗೆ ಬಂದು ಸೇರಿದರು.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅವರು ಕೇಳಿದರು, "ಇನ್ನೂ ಯಾಕೆ ತೆಗೆದಿಲ್ಲ ಸರ್ ಇದನ್ನು?"

"ಬಿಚ್ಚಲು ಬರುತ್ತಿಲ್ಲ."

"ಕಟ್ಟಿದ್ದು ಯಾರು?"

"ನಾನೇ."

"ಮನೆಯಲ್ಲಿ ಯಾರಾದರೂ..." ಎಂದು ಶುರು ಮಾಡಿ ನಿಲ್ಲಿಸಿಬಿಟ್ಟರು. ಆಮೇಲೆ ಕುರ್ಚಿ ಹಿಂದೆ ಸರಿಸಿ, ನನ್ನ ಪಕ್ಕಕ್ಕೆ ಬಂದು ನೆಲಕ್ಕೆ ಮೊಣಕಾಲೂರಿದರು. ಜೇಬಿನಿಂದ ಒಂದು ಸಣ್ಣ ಸ್ಕ್ರೂಡ್ರೈವರ್ ತೆಗೆದರು. "ಎರಡೂ ಕೈ ಮೇಲೆ ಎತ್ತಿ ಸರ್. ಅಲ್ಲಾಡಬೇಡಿ."

ಎತ್ತಿದೆ.

ಆಗಲೇ ಪ್ರಿನ್ಸಿಪಾಲರು ಟೈಮ್‌ಟೇಬಲಿನ ಹಾಳೆ ಹಿಡಿದು ಬಾಗಿಲಿಗೆ ಬಂದರು. ಗಣಿತದ ಮಾಸ್ತರ್ ಕನ್ನಡಿಯ ಫ್ರಾಕು ತೊಟ್ಟು ಎರಡೂ ಕೈ ಮೇಲೆತ್ತಿ ನಿಂತಿದ್ದಾನೆ. ದೂರು ಕೊಟ್ಟ ಪೋಷಕರು ಅವನ ಪಕ್ಕೆಗೆ ಸ್ಕ್ರೂಡ್ರೈವರ್ ಹಿಡಿದು ಮೊಣಕಾಲೂರಿದ್ದಾರೆ. ಕಿಟಕಿಯಲ್ಲಿ ಎಂಟನೇ 'ಬಿ' ಇಡಿಯಾಗಿ ಇದೆ.

"ಇಲ್ಲಿ ಏನು ನಡೆಯುತ್ತಿದೆ?"

ತಂದೆ ತಲೆ ಎತ್ತದೆ, ಗಂಟಿನಿಂದ ಕಣ್ಣು ತೆಗೆಯದೆ ಕೇಳಿದರು. "ಬೆಹೆನ್, ಎರಡನೇ ಟರ್ಮಿಗೆ ಎಂಟನೇ 'ಬಿ'ಗೆ ಗಣಿತ ಯಾರು?"

ಪ್ರಿನ್ಸಿಪಾಲರು ಹಾಳೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಅದನ್ನೇ ಕೇಳಲು ಬಂದೆ."

ಮಕ್ಕಳು ಕಿಟಕಿಯ ಸರಳುಗಳಿಗೆ ಮುಖ ಒತ್ತಿದರು.

"ನಾನು" ಎಂದೆ.

"ಸರಿ" ಎಂದು ಅವರು ಹಾಳೆಯ ಮೇಲೆ ಬರೆದುಕೊಂಡರು. ಹೊರಟವರು ಬಾಗಿಲಲ್ಲಿ ಒಂದು ಕ್ಷಣ ತಿರುಗಿ ನಿಂತರು. "ಅಷ್ಟು ಹೇಳುವುದಕ್ಕೆ ಕೈ ಎತ್ತಬೇಕಾಗಿರಲಿಲ್ಲ, ಮಾಸ್ತರ್."

ಹನ್ನೆರಡು ಗಂಟು ಬಿಚ್ಚಲು ಇಪ್ಪತ್ತೆರಡು ನಿಮಿಷ ಬೇಕಾಯಿತು.